ಮಳೆಗಾಲದ ರಸ್ತೆ, ಕಾರಿನ ಹಿಡಿತ: ಘಟ್ಟಕ್ಕೂ ಕರಾವಳಿಗೂ ಕೆಲವು ಲೆಕ್ಕಗಳು

(ಮಳೆಗಾಲಕ್ಕೆ ಮುನ್ನ ಶಿರಸಿಯಲ್ಲಿ ಬಾಡಿಗೆ ಗಾಡಿ ಚಾಲಕರಿಗೂ ಕಾರು ಮಾಲೀಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ದಿನಾ ಘಟ್ಟ ಹತ್ತಿ ಇಳಿಯುವವರಿದ್ದೀರಿ, ತಿಂಗಳಿಗೊಮ್ಮೆ ಕುಮಟೆಗೋ ಕಾರವಾರಕ್ಕೋ ಹೋಗಿ ಬರುವವರೂ ಇದ್ದೀರಿ. "ಮಳೆಯಲ್ಲಿ ನಿಧಾನಕ್ಕೆ ಹೋಗಿ" ಎಂದು ಹೇಳುವುದು ಸುಲಭ. ಆ ನಿಧಾನ ಎಂದರೆ ಎಷ್ಟು, ಯಾವ ಜಾಗದಲ್ಲಿ, ಯಾಕೆ ಎಂಬುದು ಗೊತ್ತಿಲ್ಲದಿದ್ದರೆ ಆ ಮಾತಿನಿಂದ ಉಪಯೋಗವಿಲ್ಲ. ನೇರ ರಸ್ತೆಯಲ್ಲಿ 40ರಲ್ಲಿ ತೆವಳಿ, ತಿರುವಿಗೆ ಬಂದ ಮೇಲೆ ಬ್ರೇಕ್ ಒತ್ತುವವರು ನಮ್ಮಲ್ಲಿ ಬೇಕಾದಷ್ಟು ಜನ. ಗಾಡಿ ಜಾರುವುದು ಅಲ್ಲೇ.

ಮೊದಲು ಟೈರಿನ ವಿಷಯ. ಒಂದೂವರೆ ಟನ್ ತೂಕದ ಕಾರು ರಸ್ತೆಗೆ ತಾಗಿರುವುದು ನಾಲ್ಕೇ ಕಡೆ. ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈಯಗಲ ರಬ್ಬರು. ಬ್ರೇಕ್ ಹಿಡಿಯುವುದು, ತಿರುಗುವುದು, ವೇಗ ಏರಿಸುವುದು, ಈ ಮೂರೂ ಕೆಲಸ ಅಷ್ಟೇ ರಬ್ಬರಿನಿಂದ ಆಗಬೇಕು. ಹಂಡೆಯಲ್ಲಿ ಕಾದ ನೀರು ಒಂದೇ. ಒಬ್ಬರು ಪೂರ್ತಿ ಮಿಂದರೆ ಇನ್ನೊಬ್ಬರಿಗೆ ಉಳಿಯುವುದಿಲ್ಲ. ಹಿಡಿತವೂ ಹಾಗೆಯೇ. ಪೂರ್ತಿ ಬ್ರೇಕಿಗೆ ಖರ್ಚಾದರೆ ತಿರುಗಲು ಹಿಡಿತ ಉಳಿದಿರುವುದಿಲ್ಲ. ಒಣ ರಸ್ತೆಯಲ್ಲಿ ಹಂಡೆ ದೊಡ್ಡದು, ತಪ್ಪು ಮಾಡಿದರೂ ನಡೆದುಹೋಗುತ್ತದೆ. ಒದ್ದೆ ಡಾಂಬರಿನಲ್ಲಿ ಅದು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕೆಂಪು ರಾಡಿ ಮೆತ್ತಿದ ಡಾಂಬರಿನಲ್ಲಿ ಅದರ ಅರ್ಧ.

ಲೆಕ್ಕ ನೋಡಿ. 60 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಕ್ಷಣದಿಂದ ನಿಲ್ಲುವವರೆಗೆ ಒಣ ಡಾಂಬರಿನಲ್ಲಿ ಸುಮಾರು 20 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ 35. ರಾಡಿ ಇದ್ದರೆ 70. ಇದಕ್ಕೆ, ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ 17 ಮೀಟರ್ ಸೇರಿಸಿ. ವೇಗವನ್ನು 60ರಿಂದ 40ಕ್ಕೆ ಇಳಿಸಿದರೆ ಒದ್ದೆ ರಸ್ತೆಯ 35 ಮೀಟರ್ 16ಕ್ಕೆ ಬರುತ್ತದೆ. ವೇಗದಲ್ಲಿ ಮೂರನೇ ಒಂದು ಭಾಗ ಬಿಟ್ಟುಕೊಟ್ಟರೆ ದೂರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ.

ತಿರುವಿನಲ್ಲೂ ಇದೇ ಕತೆ. 50 ಮೀಟರ್ ತ್ರಿಜ್ಯದ ಸಾಧಾರಣ ಘಟ್ಟದ ತಿರುವು ತೆಗೆದುಕೊಳ್ಳಿ, ರಸ್ತೆಯ ಓರೆಯನ್ನು ಲೆಕ್ಕಕ್ಕೆ ಸೇರಿಸುವುದು ಬೇಡ. ಒಣಗಿದ್ದಾಗ ಗಾಡಿ ಜಾರುವ ಅಂಚು ಸುಮಾರು 66 ಕಿ.ಮೀ. ಒದ್ದೆಯಲ್ಲಿ 50. ರಾಡಿಯಲ್ಲಿ 35. ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುವಂಥ ತಿರುವಿನ ತ್ರಿಜ್ಯ 15 ಮೀಟರ್ ಎಂದುಕೊಂಡರೆ ಒದ್ದೆಯಲ್ಲಿ ಅಂಚು 27, ರಾಡಿ ಇದ್ದರೆ 20ರ ಒಳಗೆ. ನೆನಪಿಡಿ, ಇವು ಜಾರಿಹೋಗುವ ವೇಗಗಳು. ಓಡಿಸಬೇಕಾದ ವೇಗ ಇವಕ್ಕಿಂತ ಸಾಕಷ್ಟು ಕೆಳಗೆ. ಅದೂ ಟೈರ್ ಚೆನ್ನಾಗಿದ್ದರೆ.

"ನಮ್ಮದು ಭಾರದ ಗಾಡಿ, ಜಾರೂದಿಲ್ಲ" ಎನ್ನುವವರಿದ್ದಾರೆ. ಮೇಲಿನ ಲೆಕ್ಕದಲ್ಲಿ ತೂಕ ಎಲ್ಲೂ ಬಂದಿಲ್ಲ, ಗಮನಿಸಿದಿರಾ? ಭಾರ ಹೆಚ್ಚಾದಷ್ಟು ಹಿಡಿತ ಹೆಚ್ಚುತ್ತದೆ, ತಡೆಯಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ವಜಾ. ಎತ್ತರದ ಗಾಡಿಯ ಕ್ಯಾರಿಯರ್ ಮೇಲೆ ನಾಲ್ಕು ಚೀಲ ಹೇರಿದರೆ ತಿರುವಿನಲ್ಲಿ ವಾಲುವುದು ಮಾತ್ರ ಜಾಸ್ತಿ.

ಇನ್ನು ನಮ್ಮ ಜಿಲ್ಲೆಯ ರಸ್ತೆ. ಮಳೆ ಎಂದರೆ ಎಲ್ಲಾ ಒಂದೇ ಮಳೆಯಲ್ಲ. ಅತಿ ಹೆಚ್ಚು ಜಾರುವುದು ಆರಿದ್ರಾ ಮಳೆ ಭೋರೆಂದು ಸುರಿಯುವಾಗ ಎಂದುಕೊಂಡಿದ್ದರೆ ಅದು ಪೂರ್ತಿ ಸರಿಯಲ್ಲ. ಬೇಸಿಗೆ ಇಡೀ ರಸ್ತೆಯ ಮೇಲೆ ಕೂತ ಎಣ್ಣೆ, ಡೀಸೆಲ್, ರಬ್ಬರಿನ ಪುಡಿ, ದೂಳು ಎಲ್ಲ ರೋಹಿಣಿ ಮಳೆಯ ಮೊದಲ ಹನಿಗೆ ಎದ್ದು ನೀರಿನೊಡನೆ ಕಲಸಿ ಲೋಳೆಯಾಗುತ್ತದೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಹತ್ತು ಹನಿ ಬಿದ್ದು ನಿಂತರೆ ಹಾಗೇ ಉಳಿಯುತ್ತದೆ. ಮೊದಲ ಮಳೆಯ ಮೊದಲ ಅರ್ಧ ಗಂಟೆ ಚಹಾ ಅಂಗಡಿಯ ಬಳಿ ಗಾಡಿ ನಿಲ್ಲಿಸಿದರೆ ನಷ್ಟವಿಲ್ಲ.

ಕರಾವಳಿಯ ಹೆದ್ದಾರಿಯಲ್ಲಿ ಮೀನು ಲಾರಿ. ಮಂಜುಗಡ್ಡೆ ಕರಗಿದ ನೀರು, ಮೀನಿನ ಎಣ್ಣೆ, ಉಪ್ಪು ಎಲ್ಲ ಸೇರಿ ಹಿಂಬದಿಯಿಂದ ಸೋರುತ್ತಾ ಹೋಗುತ್ತದೆ. ಮಳೆ ಇಲ್ಲದ ದಿನವೂ ಅದು ಜಾರುತ್ತದೆ, ತುಂತುರು ಹನಿಗೆ ಇನ್ನೂ ಜಾಸ್ತಿ. ಲಾರಿಯ ಹಿಂದೆಯೇ ಹೋಗುತ್ತಿದ್ದರೆ ಅದರ ಚಕ್ರದ ಜಾಡು ಬಿಟ್ಟು, ಅಂತರ ಹೆಚ್ಚಿಸಿ. ಘಟ್ಟದ ತಿರುವುಗಳಲ್ಲಿ ಡೀಸೆಲ್: ಟ್ಯಾಂಕ್ ಭರ್ತಿ ಮಾಡಿದ ಲಾರಿಯ ಮುಚ್ಚಳ ಸಡಿಲಿದ್ದರೆ ತಿರುವಿನಲ್ಲೇ ಚೆಲ್ಲುವುದು. ಒದ್ದೆ ರಸ್ತೆಯಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆದರೆ ಅಲ್ಲಿ ಬ್ರೇಕ್ ಮುಟ್ಟಬೇಡಿ, ಸ್ಟೇರಿಂಗ್ ಅಲುಗಿಸಬೇಡಿ, ಹಾಗೆಯೇ ದಾಟಿ.

ನಾಟಿ ಸಮಯದಲ್ಲಿ ಗದ್ದೆಯಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರ್, ಟಿಲ್ಲರ್ ಚಕ್ರಕ್ಕೆ ಮೆತ್ತಿದ ಕೆಸರನ್ನು ನೂರಿನ್ನೂರು ಮೀಟರ್ ಉದುರಿಸಿಕೊಂಡು ಹೋಗುತ್ತದೆ. ಇದು ಹೆಚ್ಚಾಗಿ ಊರೊಳಗಿನ ತಿರುವಿನಲ್ಲಿ, ನಾವು ನಿರೀಕ್ಷಿಸದ ಜಾಗದಲ್ಲಿ ಸಿಗುತ್ತದೆ. ತೋಟದ ನಡುವಿನ ಕಾಂಕ್ರೀಟ್ ರಸ್ತೆಗಳಲ್ಲಿ ಬಿಸಿಲು ಬೀಳದ ಕಡೆ ಆಗಸ್ಟ್ ಹೊತ್ತಿಗೆ ಹಸಿರು ಹಾವಸೆ ಹಿಡಿದಿರುತ್ತದೆ. ಮುಖ್ಯರಸ್ತೆಯಿಂದ ಮನೆಗೆ ಇಳಿಯುವ ಕಡಿದಾದ ದಾರಿಯಲ್ಲಿ ಹೀಗಾಗಿದ್ದರೆ ಮೇಲೇ ನಿಲ್ಲಿಸಿ ಒಂದನೇ ಗೇರ್ ಹಾಕಿ ಇಳಿಯಿರಿ. ನಡುವೆ ಬ್ರೇಕ್ ಗಟ್ಟಿ ಒತ್ತಿ ಚಕ್ರ ಕಟ್ಟಿಕೊಂಡರೆ ಗಾಡಿ ಜಾರುಬಂಡಿಯಾಗುತ್ತದೆ, ಸ್ಟೇರಿಂಗ್ ಎತ್ತ ತಿರುಗಿಸಿದರೂ ನೇರ ಕೆಳಗೇ. ಆಗ ಮನಸ್ಸಿಗೆ ವಿರುದ್ಧವಾದರೂ ಬ್ರೇಕನ್ನು ಸ್ವಲ್ಪ ಬಿಡಬೇಕು. ಚಕ್ರ ಉರುಳಿದರೆ ಮಾತ್ರ ಅದು ತಿರುಗುತ್ತದೆ. ವರ್ಷಕ್ಕೊಮ್ಮೆ ಆ ದಾರಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸುವುದು ಟೈರಿಗಿಂತ ಅಗ್ಗ.

ಇಲ್ಲಿ ಇನ್ನೊಂದು ಅಪಾಯವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅಗಲ ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂದರೆ ಎಡದ ಚಕ್ರಗಳನ್ನು ಮಣ್ಣಿಗೆ ಇಳಿಸುತ್ತೇವೆ. ಆ ಸ್ಥಿತಿಯಲ್ಲಿ ಬ್ರೇಕ್ ಒತ್ತಿದರೆ ಏನಾಗುತ್ತದೆ? ಬಲದ ಚಕ್ರಗಳು ಡಾಂಬರಿನಲ್ಲಿ ಹಿಡಿಯುತ್ತವೆ, ಎಡದವು ಕೆಸರಿನಲ್ಲಿ ಜಾರುತ್ತವೆ. ಗಾಡಿಯ ಮೂತಿ ಬಲಕ್ಕೆ, ಅಂದರೆ ನೇರವಾಗಿ ಬಸ್ಸಿನ ಕಡೆ ತಿರುಗುತ್ತದೆ. ಹಾಗಾಗಿ ಬ್ರೇಕಿನ ಕೆಲಸವನ್ನು ನಾಲ್ಕೂ ಚಕ್ರ ಡಾಂಬರಿನ ಮೇಲಿದ್ದಾಗಲೇ ಮುಗಿಸಿ, 15–20 ಕಿ.ಮೀ.ಗೆ ಬಂದ ಮೇಲೆ ಎಡಕ್ಕೆ ಇಳಿಯಿರಿ. ಮರಳಿ ಹತ್ತುವಾಗಲೂ ಅವಸರ ಬೇಡ. ಡಾಂಬರಿನ ಅಂಚು ಮಳೆಗೆ ಕೊರೆದು ನಾಲ್ಕೈದು ಇಂಚು ಎತ್ತರ ನಿಂತಿರುತ್ತದೆ. ಟೈರು ಅದಕ್ಕೆ ಉಜ್ಜುತ್ತಾ ಹೋಗುವಾಗ ಸ್ಟೇರಿಂಗ್ ಜೋರಾಗಿ ಎಳೆದರೆ ಥಟ್ಟನೆ ಹತ್ತಿ ಗಾಡಿ ಎದುರು ಬದಿಗೆ ಹಾರುತ್ತದೆ. ಪೂರಾ ನಿಧಾನ ಮಾಡಿ, ಅಂಚು ತಗ್ಗಿರುವ ಕಡೆ ಹತ್ತಿಸಿ.

ಈಗ ನೀರಿನ ಮೇಲೆ ತೇಲುವುದು. ಇದು ಘಟ್ಟದ ಸಮಸ್ಯೆಯಲ್ಲ, ನಾಲ್ಕು ಪಥದ ಹೆದ್ದಾರಿಯದ್ದು. ಅಂಕೋಲೆಯಿಂದ ಭಟ್ಕಳದವರೆಗೆ ನೇರ ರಸ್ತೆ ಸಿಕ್ಕಿತೆಂದು 90ರಲ್ಲಿ ಹೋಗುತ್ತೇವೆ. ಡಿವೈಡರ್ ಪಕ್ಕದಲ್ಲೋ ತಗ್ಗಿನಲ್ಲೋ ನೀರು ನಿಂತಿರುತ್ತದೆ. 165 ಮಿ.ಮೀ. ಅಗಲದ ಟೈರು 3 ಮಿ.ಮೀ. ಆಳದ ನೀರಿನಲ್ಲಿ 80 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 11 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಟೈರಿನ ಮೈಮೇಲೆ ಕೊರೆದ ಕಾಲುವೆಗಳು ಇರುವುದೇ ಅದಕ್ಕೆ. ಅವು ಸವೆದಿದ್ದರೆ ನೀರು ಹೋಗಲು ಜಾಗವಿಲ್ಲ. ಮುಂದೆ ದಿಂಬಿನಂತೆ ಒತ್ತಿಕೊಂಡ ನೀರೇ ಟೈರನ್ನು ಎತ್ತಿಬಿಡುತ್ತದೆ.

1963ರಲ್ಲಿ ನಾಸಾ ವಿಮಾನದ ಚಕ್ರಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದ ಸೂತ್ರ ಸರಳವಾಗಿದೆ: ಟೈರಿನ ಗಾಳಿಯ ಒತ್ತಡ ಕಡಿಮೆಯಾದಷ್ಟೂ ಕಡಿಮೆ ವೇಗದಲ್ಲೇ ಚಕ್ರ ತೇಲುತ್ತದೆ. ಆ ಲೆಕ್ಕದಲ್ಲಿ 32 ಪಿಎಸ್‌ಐ ಇದ್ದರೆ ಸುಮಾರು 94 ಕಿ.ಮೀ., 24 ಇದ್ದರೆ 82. ಕಾರಿನ ಟೈರು ಅಗಲ, ವಿಮಾನದ್ದರಂತಲ್ಲ. ಬೋಳಾಗಿದ್ದರೆ ಇನ್ನೂ ಕೆಳಗೇ ತೇಲಬಹುದು. ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಮಾಡಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಪಂಕ್ಚರ್ ಅಂಗಡಿಗಳಲ್ಲಿ ಈಗಲೂ ಓಡಾಡುತ್ತದೆ. ಮರಳಿನಲ್ಲಿ ಸಿಕ್ಕಿಬಿದ್ದ ಗಾಡಿಗೆ ಅದು ಸರಿ. ನೀರಿನ ರಸ್ತೆಗೆ ಪೂರ್ತಿ ಉಲ್ಟಾ. ಗಾಳಿ ಕಡಿಮೆಯಾದ ಟೈರಿನ ನಡುಭಾಗ ಒಳಕ್ಕೆ ಬಾಗಿ ಅಲ್ಲೇ ನೀರು ಸಿಕ್ಕಿಕೊಳ್ಳುತ್ತದೆ. ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಹೊಡೆಸಿ, ಅದೂ ಟೈರು ತಣ್ಣಗಿದ್ದಾಗ, ಹದಿನೈದು ದಿನಕ್ಕೊಮ್ಮೆ.

ತೇಲುವ ಸೂಚನೆ ಮೊದಲು ಕೈಗೆ ಗೊತ್ತಾಗುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರ. ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಆಗ ಮಾಡಬೇಕಾದ್ದು ಬಹಳ ಕಡಿಮೆ: ಅಕ್ಸಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ, ಬೇಕಾದರೆ ಕ್ಲಚ್ ಒತ್ತಿ, ಸ್ಟೇರಿಂಗ್ ನೇರ ಹಿಡಿದು ಕಾಯಿರಿ. ಬ್ರೇಕ್ ಬೇಡ. ಗಾಬರಿಯಿಂದ ಸ್ಟೇರಿಂಗ್ ತಿರುಗಿಸಿದಿರೋ, ಆ ಕ್ಷಣ ಏನೂ ಆಗುವುದಿಲ್ಲ, ಚಕ್ರ ನೆಲ ಮುಟ್ಟಿದ ಮರುಕ್ಷಣ ಗಾಡಿ ಆ ಕಡೆಗೆ ಎಗರುತ್ತದೆ. ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಒಂದೇ ಸಮ ಕಾಯುವ ವ್ಯವಸ್ಥೆ) ಇರುವ ಕಾರಾದರೆ ಮಳೆಯಲ್ಲಿ ಅದನ್ನು ಬಂದ್ ಮಾಡಿಡಿ. ಕಾರವಾರ–ಬಿಣಗಾ ನಡುವಿನ ಸುರಂಗದಿಂದ ಹೊರಬೀಳುವಾಗ ವೈಪರ್ ಚಾಲೂ ಇರಲಿ, ವೇಗ ಮೊದಲೇ ಇಳಿದಿರಲಿ. ಹೊನ್ನಾವರದ ಶರಾವತಿ ಸೇತುವೆಯಂಥ ಕಡೆ ಕಡಲ ಗಾಳಿ ಪಕ್ಕದಿಂದ ತಳ್ಳುತ್ತದೆ. ಎತ್ತರದ ಗಾಡಿಯವರು ಎರಡೂ ಕೈ ಸ್ಟೇರಿಂಗ್ ಮೇಲಿಡಿ.

ಟೈರು ಕೊಳ್ಳುವ ವಿಷಯಕ್ಕೆ ಬರೋಣ, ಇಲ್ಲಿ ಎರಡು ಮಾತು ಸ್ವಲ್ಪ ಒತ್ತಿಯೇ ಹೇಳಬೇಕು. ಕಾನೂನಿನ ಪ್ರಕಾರ ಕಾಲುವೆಯ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಚಿಕ್ಕ ಉಬ್ಬುಗಳಿವೆ. ಟೈರಿನ ಮೈ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಎಲ್ಲಿ ಹುಡುಕಬೇಕೆಂದರೆ ಪಕ್ಕದ ಗೋಡೆಯ ಮೇಲ್ತುದಿಯಲ್ಲಿ ತ್ರಿಕೋನವೋ 'ಟಿಡಬ್ಲ್ಯುಐ' ಎಂಬ ಅಕ್ಷರವೋ ಇರುತ್ತದೆ. ಆದರೆ ಅದು ಕಾನೂನಿನ ಗೆರೆ. ನಮ್ಮ ಮಳೆಗೆ ಆ ಗೆರೆ ಸಾಲದು. ಜೂನ್ ಹೊತ್ತಿಗೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ದೀಪಾವಳಿಯವರೆಗೆ ಎಳೆಯೋಣ ಎನ್ನಬೇಡಿ. ಹೇಗೂ ಬದಲಿಸುವುದಿದ್ದರೆ ಮಳೆಗೆ ಮೊದಲೇ ಬದಲಿಸುವುದು ಜಾಣತನ. ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಮನೆ ಕಾರಿನಲ್ಲಿ ಕಾಲುವೆ ಆಳವಾಗಿಯೇ ಇರುತ್ತದೆ, ರಬ್ಬರು ಮಾತ್ರ ಗಟ್ಟಿಯಾಗಿ ಒದ್ದೆಯಲ್ಲಿ ಕಚ್ಚುವುದಿಲ್ಲ. ಆರು ವರ್ಷ ದಾಟಿದ ಟೈರನ್ನು ಅನುಮಾನದಿಂದಲೇ ನೋಡಿ.

ಎರಡನೆಯದು, ಎರಡೇ ಟೈರು ಹಾಕಿಸುವಾಗ ಹೊಸದು ಎಲ್ಲಿಗೆ? ಮುಂದಿನ ಚಕ್ರ ಎಳೆಯುವ ಗಾಡಿಗೆ ಮುಂದೆ ಎನ್ನುತ್ತಾರೆ ಅಂಗಡಿಯವರು. ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ಹೆಚ್ಚಾಗಿ ಸರಿಹೋಗುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವ ಹೊತ್ತಿಗೆ ಗಾಡಿ ಅಡ್ಡ ನಿಂತಿರುತ್ತದೆ.

ಇನ್ನು ಘಟ್ಟ ಇಳಿಯುವ ಕ್ರಮ. ತಿರುವಿಗೆ ಮೊದಲೇ, ಸ್ಟೇರಿಂಗ್ ನೇರ ಇರುವಾಗ ಬ್ರೇಕ್. ಅಲ್ಲೇ ಗೇರ್ ಇಳಿಸಿ, ಕ್ಲಚ್ ಪೂರ್ತಿ ಬಿಡಿ. ಕಾಲು ಬ್ರೇಕಿನಿಂದ ಬಂದ ಮೇಲೆ ತಿರುಗಿಸಿ. ತಿರುವಿನ ಉದ್ದಕ್ಕೂ ಅಕ್ಸಲರೇಟರ್ ಅಲ್ಪಸ್ವಲ್ಪ, ಒಂದೇ ಸಮ. ಕಣ್ಣು ಬಾನೆಟ್ ಮೇಲೆ ಬೇಡ, ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತದೋ ಅಲ್ಲಿಗೆ. ಮಡಚು ತಿರುವುಗಳಿಗೆ ಎರಡನೇ ಗೇರ್, ಗಾಡಿ ಭರ್ತಿ ಇದ್ದರೆ ಒಂದನೆಯದೂ ಬೇಕಾಗಬಹುದು. ಆಟೋಮ್ಯಾಟಿಕ್ ಗಾಡಿಯವರು 'ಎಲ್'ಗೋ ಮ್ಯಾನುಯಲ್‌ಗೋ ಹಾಕಿ. 'ಡಿ'ಯಲ್ಲಿ ಬಿಟ್ಟರೆ ಗಾಡಿ ತನ್ನಷ್ಟಕ್ಕೆ ಮೇಲಿನ ಗೇರಿಗೆ ಹೋಗಿ ಭಾರವೆಲ್ಲ ಬ್ರೇಕಿಗೆ ಬೀಳುತ್ತದೆ. ಆದರೆ ಗೇರ್ ಇಳಿಸುವಾಗ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಒದ್ದೆಯಲ್ಲಿ ಎಳೆಯುವ ಚಕ್ರಗಳು ಕ್ಷಣ ಕಾಲ ಕಟ್ಟಿಕೊಳ್ಳುತ್ತವೆ. ಅದಕ್ಕೂ ಜಾರುತ್ತದೆ. ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಸಿ ಪೆಟ್ರೋಲ್ ಉಳಿಸುವವರ ಬಗ್ಗೆ ಏನು ಹೇಳುವುದು? ಈಗಿನ ಗಾಡಿಗಳು ಗೇರಿನಲ್ಲಿ ಕಾಲು ತೆಗೆದಾಗ ಇಂಧನವನ್ನೇ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಇಷ್ಟೆಲ್ಲ ಮಾಡಿಯೂ ಜಾರಿದರೆ? ಎರಡು ಬಗೆ. ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತಿದ್ದರೆ ಮುಂದಿನ ಚಕ್ರ ಜಾರಿದೆ. ಸ್ವಿಫ್ಟ್, ಆಲ್ಟೊ, ಐ10ನಂಥ ಕಾರುಗಳಲ್ಲಿ ಇದೇ ಹೆಚ್ಚು. ಎಲ್ಲರೂ ಆಗ ಇನ್ನೂ ತಿರುಗಿಸುತ್ತಾರೆ. ತಪ್ಪು. ಅಕ್ಸಲರೇಟರ್ ಬಿಡಿ, ಸ್ಟೇರಿಂಗ್ ಸ್ವಲ್ಪ ಸಡಿಲಿಸಿ ನೇರದ ಕಡೆ ತನ್ನಿ, ಚಕ್ರ ಕಚ್ಚಿದ್ದು ಕೈಗೆ ಗೊತ್ತಾದ ಮೇಲೆ ಮತ್ತೆ ಮೆಲ್ಲಗೆ ತಿರುಗಿಸಿ.

ಹಿಂಭಾಗ ಬೀಸಿದರೆ ಬೇರೆ ಕ್ರಮ. ಓಮ್ನಿ, ಈಕೊ, ಬೊಲೆರೊ, ಹಳೆಯ ಇನ್ನೋವಾಗಳಲ್ಲಿ ಎಳೆಯುವುದು ಹಿಂದಿನ ಚಕ್ರ. ಖಾಲಿ ಪಿಕಪ್‌ನಲ್ಲಿ ಹಿಂದೆ ಭಾರವೇ ಇರುವುದಿಲ್ಲ; ತಿರುವಿನ ನಡುವೆ ಅಕ್ಸಲರೇಟರ್ ಒತ್ತಿದರೆ ಸಾಕು, ಹಿಂಭಾಗ ಬೀಸುತ್ತದೆ. ಗಾಡಿಯ ಹಿಂಭಾಗ ಎಡಕ್ಕೆ ಹೋಗುತ್ತಿದ್ದರೆ ಸ್ಟೇರಿಂಗ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಎಡಬಲ ಯೋಚಿಸಲು ಸಮಯ ಇರುವುದಿಲ್ಲ, ಹಾಗಾಗಿ ಹೋಗಬೇಕಾದ ರಸ್ತೆಯನ್ನೇ ನೋಡಿ, ಮುಂದಿನ ಚಕ್ರವನ್ನು ಆ ಕಡೆಗೆ ಇಡಿ. ಕಂದಕ ನೋಡಿದರೆ ಕೈಯೂ ಅತ್ತಲೇ ಹೋಗುತ್ತದೆ. ಬ್ರೇಕ್ ಒತ್ತಬೇಡಿ, ಅಕ್ಸಲರೇಟರ್ ಮೆಲ್ಲಗೆ ಸಡಿಲಿಸಿ. ಹಿಂಭಾಗ ಮರಳಿ ಸಾಲಿಗೆ ಬರತೊಡಗಿದ ಕೂಡಲೇ ಸ್ಟೇರಿಂಗ್ ನೇರ ಮಾಡಬೇಕು. ಇದರಲ್ಲಿ ತಡವಾದರೆ ಎದುರು ದಿಕ್ಕಿಗೆ ಎರಡನೇ ಬೀಸು ಬರುತ್ತದೆ, ಅದು ಮೊದಲನೆಯದಕ್ಕಿಂತ ಜೋರು.

ಎಬಿಎಸ್, ಅಂದರೆ ಬ್ರೇಕ್ ಗಟ್ಟಿ ಒತ್ತಿದರೂ ಚಕ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆಯ ಬಗ್ಗೆ. 2019ರ ಏಪ್ರಿಲ್‌ನಿಂದ ಮಾರಾಟವಾದ ಕಾರುಗಳಲ್ಲಿ ಕಡ್ಡಾಯ. ಪೂರ್ತಿ ಬಲದಿಂದ ಒತ್ತಿ, ಬಿಡಬೇಡಿ. ಪೆಡಲ್ ಕಾಲಡಿಯಲ್ಲಿ ಕಟಕಟ ನಡುಗುತ್ತದೆ. ಏನೋ ಮುರಿಯಿತೆಂದು ಕಾಲು ತೆಗೆಯುವವರೇ ಹೆಚ್ಚು. ಅದು ಚಕ್ರ ಕಟ್ಟಿಕೊಳ್ಳದಂತೆ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುವ ಸದ್ದು. ಅದರಿಂದ ಸ್ಟೇರಿಂಗ್ ಕೆಲಸ ಮಾಡುತ್ತಲೇ ಇರುತ್ತದೆ, ಎದುರಿನ ದನವನ್ನು ಬಳಸಿ ಹೋಗಬಹುದು. ನಿಲ್ಲುವ ದೂರ ಚಿಕ್ಕದಾಗುತ್ತದೆ ಎಂಬ ಭರವಸೆ ಮಾತ್ರ ಬೇಡ, ರಾಡಿಯಲ್ಲಿ ಇಲ್ಲದ ಹಿಡಿತವನ್ನು ಅದು ಹುಟ್ಟಿಸುವುದಿಲ್ಲ. ಒಂದು ಮಳೆಯ ದಿನ ಖಾಲಿ ಮೈದಾನದಲ್ಲಿ 30ರ ವೇಗದಲ್ಲಿ ಗಟ್ಟಿ ಒತ್ತಿ ನೋಡಿಬಿಡಿ, ಆ ನಡುಕ ಪರಿಚಯವಾಗಲಿ. ಎಬಿಎಸ್ ಇಲ್ಲದ ಹಳೆಯ ಗಾಡಿಯಲ್ಲಿ ಚಕ್ರ ಕಟ್ಟಿಕೊಂಡಿತು ಅನ್ನಿಸಿದ ಕೂಡಲೇ ತುಸು ಬಿಟ್ಟು, ಮತ್ತೆ ಒತ್ತಬೇಕು.

ಅಂತರದ ಲೆಕ್ಕ ಮೀಟರಿನಲ್ಲಿ ಬೇಡ, ಸೆಕೆಂಡಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಗಾಡಿ ಒಂದು ಮರ ದಾಟಿದ ಮೇಲೆ ಸಾವಿರದ ಒಂದು, ಸಾವಿರದ ಎರಡು ಎಂದು ಎಣಿಸಿ. ಸಾವಿರದ ನಾಲ್ಕಕ್ಕೆ ಮೊದಲು ನೀವು ಆ ಮರ ತಲುಪಿದರೆ ಹತ್ತಿರವಾಯಿತು. ಮಂಜು ಇದ್ದರೆ ಡಿಮ್ ದೀಪ. ಹೈ ಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸಬೇಡಿ, ನೀವು ತಿರುಗುವುದು ಹಿಂದಿನವನಿಗೆ ತಿಳಿಯುವುದಿಲ್ಲ. ಗಾಜಿನ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಇಡಿ.

ಸಭೆಯಿಂದ ಬಂದ ಒಂದು ಪ್ರಶ್ನೆ: ತಿರುವಿನಾಚೆ ಹೊಸದಾಗಿ ಮಣ್ಣು ಬಿದ್ದಿದ್ದರೆ ಮೆಲ್ಲಗೆ ದಾಟಬಹುದೇ? ಇಲ್ಲಿ ಜಾರುವುದು ಸಣ್ಣ ಚಿಂತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದದ್ದು ಎಲ್ಲರಿಗೂ ಗೊತ್ತು. ಕಡಿದ ಗುಡ್ಡದ ಪಕ್ಕ ಕೆಂಪು ನೀರು ಇದ್ದಕ್ಕಿದ್ದಂತೆ ಹರಿದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ವಾಲಿದ್ದರೆ ಅಲ್ಲಿ ನಿಂತು ನೋಡಬೇಡಿ, ಫೋಟೋ ತೆಗೆಯಬೇಡಿ. ಹಿಂದಕ್ಕೆ ಹೋಗಿ ಗುಡ್ಡದ ನೆರಳಿಲ್ಲದ ಕಡೆ ನಿಲ್ಲಿ, 112ಕ್ಕೆ ತಿಳಿಸಿ.

ಇನ್ನೊಂದು: ನೀರು ತುಂಬಿದ ಮೋರಿ ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲವಲ್ಲ? ಡಿಸ್ಕ್ ಬೇಗ ಒಣಗುತ್ತದೆ, ಹಿಂದಿನ ಡ್ರಮ್ಮಿನೊಳಗೆ ನೀರು ನಿಲ್ಲುತ್ತದೆ. ನಿಧಾನವಾಗಿ ಹೋಗುತ್ತಲೇ ಎಡಗಾಲಿನಿಂದಲ್ಲ, ಬಲಗಾಲಿನಿಂದಲೇ ಬ್ರೇಕನ್ನು ನಾಲ್ಕಾರು ಸಲ ಹಗುರಾಗಿ ಒತ್ತಿ ಬಿಡಿ, ಬಿಸಿಗೆ ಒಣಗುತ್ತದೆ. ಹಿಂದೆ ಯಾರೂ ಇಲ್ಲದಾಗ ಮಾಡಿ. ನೀರು ಅರ್ಧ ಚಕ್ರಕ್ಕಿಂತ ಮೇಲಿದ್ದರೆ, ಅಥವಾ ಹರಿಯುತ್ತಿದ್ದರೆ, ಇಳಿಸುವುದೇ ಬೇಡ.

ಕೊನೆಯದಾಗಿ, ಗಾಡಿ ಜಾರಿ ಚರಂಡಿಗೋ ಕಲ್ಲಿಗೋ ಚಕ್ರ ತಾಗಿ, ಬೇರೇನೂ ಆಗದೆ ಉಳಿದರೂ ಹಾಗೇ ಮನೆಗೆ ಓಡಿಸಬೇಡಿ. ಇಳಿದು ಟೈರಿನ ಎರಡೂ ಬದಿ ನೋಡಿ. ಒಳಬದಿಗೆ ಕೈ ಹಾಕಿ ಸವರಿ, ನಿಂಬೆಹಣ್ಣಿನಷ್ಟು ಉಬ್ಬು ಸಿಕ್ಕರೆ ಒಳಗಿನ ದಾರ ಹರಿದಿದೆ; ಸ್ಟೆಪ್ನಿ ಹಾಕಿ. ನೇರ ರಸ್ತೆಯಲ್ಲಿ ಸ್ಟೇರಿಂಗ್ ಓರೆ ನಿಂತರೆ ಅಥವಾ ಒಂದು ಕಡೆ ಎಳೆದರೆ ಅಲೈನ್‌ಮೆಂಟ್ ಮಾಡಿಸುವ ಮೊದಲು ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್, ಚಕ್ರವನ್ನು ತಿರುಗಿಸುವ ಟೈ ರಾಡ್ ಬಾಗಿದೆಯೇ ಎಂದು ಎತ್ತಿ ನೋಡಿಸಿ. ಬಾಗಿದ ಭಾಗದ ಮೇಲೆ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ.